ನಮ್ಮ ಮೇ ತಿಂಗಳಿಗೆ ವರ್ಷದ ಸರಾಸರಿ ಹಾಕಬೇಡಿ: ಇಂಧನ ಸಚಿವರಿಗೆ ರಾಯಚೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಸನ್ಮಾನ್ಯರೇ,

ನಮಸ್ಕಾರ. ಬೇಸಿಗೆಯ ಕರೆಂಟ್ ಬಿಲ್ಲಿನ ಬಗ್ಗೆ, ಗೃಹಜ್ಯೋತಿಯ ಉಚಿತ ಕರೆಂಟಿನ ಮಿತಿಯ ಬಗ್ಗೆ ಜನವರಿಯಲ್ಲಿ ಪತ್ರ ಬರೆಯುತ್ತಿದ್ದಾನಲ್ಲ ಇವನು ಅಂತ ನಿಮಗೆ ಅನ್ನಿಸಬಹುದು. ನಾನು ರಾಯಚೂರಿನಲ್ಲಿ ಕೂಲರ್, ಫ್ರಿಡ್ಜ್, ಎಸಿ ರಿಪೇರಿ ಮಾಡುವವನು. ಇಪ್ಪತ್ತೆರಡು ವರ್ಷವಾಯಿತು. ಮಾರ್ಚ್‌ನಿಂದ ಜೂನ್‌ವರೆಗೆ ನನಗೆ ಕೂತು ಊಟ ಮಾಡಲೂ ಪುರುಸೊತ್ತಿರುವುದಿಲ್ಲ. ಜನವರಿಯಲ್ಲಿ ಅಂಗಡಿ ಮುಂದೆ ಸುಮ್ನೆ ಕೂತಿರುತ್ತೇನೆ. ಬರೆಯಲು ಇದೇ ಸಮಯ. ಇನ್ನೊಂದು ಕಾರಣವೂ ಇದೆ. ಮೇ ತಿಂಗಳಲ್ಲಿ ಬರೆದರೆ ನಿಮ್ಮ ಕಚೇರಿಯಲ್ಲಿ ಫೈಲು ತೆರೆಯುವ ಹೊತ್ತಿಗೆ ನಮ್ಮಲ್ಲಿ ಮಳೆ ಬಂದಿರುತ್ತದೆ. ಬರೆದ ನನಗೂ ಮರೆತಿರುತ್ತದೆ.

ನನ್ನದು ದೊಡ್ಡ ಓದೇನಲ್ಲ, ಐಟಿಐ ಅಷ್ಟೇ. ಆದರೆ ನನ್ನ ಕೆಲಸದಲ್ಲಿ ಒಂದು ಅನುಕೂಲ ಇದೆ. ಊರಿನ ಎಲ್ಲ ಥರದ ಮನೆಗಳ ಒಳಗೂ ಹೋಗುತ್ತೇನೆ. ನಿಜಲಿಂಗಪ್ಪ ಕಾಲೊನಿಯ ಮೂರಂತಸ್ತಿನ ಮನೆಗೂ ಹೋಗುತ್ತೇನೆ, ಸಿಯಾತಲಾಬಿನ ತಗಡಿನ ಮನೆಗೂ ಹೋಗುತ್ತೇನೆ. ಎಸಿಯ ಫಿಲ್ಟರ್ ಬಿಚ್ಚಿ ಕೈಗೆ ಕೊಟ್ಟರೆ ಅದು ಯಾವ ಏರಿಯಾದ್ದು ಅಂತ ಹೇಳಿಬಿಡುತ್ತೇನೆ. ಶಾಖೋತ್ಪನ್ನ ಕೇಂದ್ರ ಇರುವ ಶಕ್ತಿನಗರದ ಕಡೆಯದಾದರೆ ಬೂದು ಬಣ್ಣದ ನುಣ್ಣನೆ ಪುಡಿ. ಅಕ್ಕಿ ಗಿರಣಿ ಹತ್ತಿರದ್ದಾದರೆ ತೌಡಿನ ಧೂಳು. ಜಿನ್ನಿಂಗ್ ಮಿಲ್ ಸುತ್ತಮುತ್ತಲಿನದಾದರೆ ಫಿಲ್ಟರ್ ನೋಡುವುದೇ ಬೇಡ, ಹೊರಗಿನ ಯೂನಿಟ್ ನೋಡಿದರೆ ಸಾಕು. ಹತ್ತಿಯ ಎಳೆ ಜಾಲಿಗೆ ಮೆತ್ತಿಕೊಂಡು ಕಂಬಳಿ ಹೊದಿಸಿದ ಹಾಗಾಗಿರುತ್ತದೆ. ಒಳಗಿನ ಬಿಸಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಮಷೀನ್ ಉಸಿರುಗಟ್ಟಿ ಬಂದ್ ಆಗುತ್ತದೆ. ಮನೆಯವರು ಗ್ಯಾಸ್ ಖಾಲಿ ಆಗಿರಬೇಕು ಅಂತ ಫೋನ್ ಮಾಡುತ್ತಾರೆ. ಎಸಿಯ ಗ್ಯಾಸ್ ಸಿಲಿಂಡರಿನ ಗ್ಯಾಸಿನ ಹಾಗೆ ಉರಿದು ಖಾಲಿ ಆಗುವಂಥದ್ದಲ್ಲ. ಎಲ್ಲೋ ಸೋರಿದರೆ ಮಾತ್ರ ಕಡಿಮೆ ಆಗುತ್ತದೆ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಕಳೆದ ಮೇ ತಿಂಗಳ ಕೊನೆಯ ವಾರ ಸಿಯಾತಲಾಬಿನ ಒಂದು ಮನೆಯಿಂದ ಕರೆ ಬಂತು. ಯಜಮಾನರು ಗಂಜ್‌ನಲ್ಲಿ ಹಮಾಲಿ. ಆ ತಾಯಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಎರಡು ಮಕ್ಕಳು, ಒಬ್ಬ ಅತ್ತೆ. ಮನೆಗೆ ತಗಡಿನ ಸೂರು. ಕಿಟಕಿಗೆ ಒಂದು ತಗಡಿನ ಕೂಲರ್. ಅದು ಅವರ ಮದುವೆ ಸಾಮಾನಿನ ಜೊತೆ ತವರಿನಿಂದ ಬಂದದ್ದು. ನಮ್ಮ ಕಡೆ ಮಂಚ, ಬೀರು ಕೊಟ್ಟ ಹಾಗೆ ಕೂಲರ್ ಕೂಡ ಕೊಡುತ್ತಾರೆ. ಆಕೆ ಹೇಳಿದ್ದು ಇಷ್ಟು: "ಅಣ್ಣಾ, ಕೂಲರ್ ಒಳಗ ಏನಾದ್ರೂ ಶಾರ್ಟ್ ಆಗೈತೇನು ನೋಡ್ರಿ. ಮೀಟರ್ ಕುದುರಿ ಓಡಿದಂಗ ಓಡಾಕತ್ತೈತಿ."

ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ. ಕೂಲರ್ ಎಳೆಯುತ್ತಿದ್ದದ್ದು ಒಂದು ಆಂಪಿಯರಿನ ಹತ್ತಿರ, ಅಂದರೆ ಸುಮಾರು 200 ವ್ಯಾಟ್. ಏನೂ ದೋಷ ಇಲ್ಲ. ಗಾಳಿ ಹಾಯುವ ಬದಿಗಳಿಗೆ ತುಂಬಿದ ಹುಲ್ಲು ಮಾತ್ರ ಉಪ್ಪು ಕಟ್ಟಿ ಕಲ್ಲಿನಂತಾಗಿತ್ತು, ನಮ್ಮ ನೀರು ಅಂಥದ್ದು. ಆಮೇಲೆ ಆಕೆ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತಂದು ಬಿಲ್ಲುಗಳನ್ನು ನೆಲದ ಮೇಲೆ ಸಾಲಾಗಿ ಹರಡಿದರು. ಆ ಕಾಗದ ಬೇರೆ ಶಾಖಕ್ಕೆ ಕಪ್ಪಾಗುವಂಥದ್ದು, ಕೆಲವು ಓದಲೂ ಬರುತ್ತಿರಲಿಲ್ಲ. ಚಳಿಗಾಲದ ಬಿಲ್ಲುಗಳಲ್ಲಿ 75, 78 ಯೂನಿಟ್ ಇತ್ತು, ಕಟ್ಟಬೇಕಾದ ಹಣ ಸೊನ್ನೆ. ಏಪ್ರಿಲ್‌ನಲ್ಲಿ 185 ಯೂನಿಟ್. ಮೇನಲ್ಲಿ 212. ಮೇ ತಿಂಗಳ ಬಿಲ್ ಸಾವಿರದ ನಾನೂರು ದಾಟಿತ್ತು.

ಆ ಲೆಕ್ಕ ನಾನೂ ಅಲ್ಲೇ ಕೂತು ಹಾಕಿದೆ. ಕೂಲರ್ ದಿನಕ್ಕೆ ಹದಿನಾರು ತಾಸು ಓಡಿದರೆ ತಿಂಗಳಿಗೆ 96 ಯೂನಿಟ್. ಹಳೇ ಫ್ಯಾನ್ ಎರಡು, 70 ಚಿಲ್ಲರೆ. ಸೆಕೆಂಡ್ ಹ್ಯಾಂಡ್ ಫ್ರಿಡ್ಜ್, ಲೈಟು, ಟಿವಿ ಮಿಕ್ಕಿದ್ದು. 212 ಸರಿಯಾಗಿಯೇ ಇತ್ತು. ಮೀಟರ್ ಸುಳ್ಳು ಹೇಳಿರಲಿಲ್ಲ. ಆ ಮನೆಯಲ್ಲಿ ಎಸಿ ಇಲ್ಲ, ಗೀಸರ್ ಇಲ್ಲ, ವಾಷಿಂಗ್ ಮಷೀನ್ ಇಲ್ಲ. ಐದು ಜನ 43 ಡಿಗ್ರಿಯಲ್ಲಿ ತಗಡಿನ ಕೆಳಗೆ ಬದುಕಿ ಉಳಿಯಲು ಬೇಕಾದ ಕರೆಂಟ್ ಅಷ್ಟೇ.

ಈಗ ಗೃಹಜ್ಯೋತಿಯ ಮಾತು. ಈ ಯೋಜನೆಯನ್ನು ದೂರಲು ನಾನು ಬರೆಯುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಬಡವರ ಮನೆಯಲ್ಲಿ ಅದರಿಂದ ಆದ ಅನುಕೂಲ ನಾನು ಕಣ್ಣಾರೆ ಕಂಡಿದ್ದೇನೆ. ಮೊದಲು ಮಧ್ಯಾಹ್ನ ಫ್ಯಾನ್ ಹಾಕಲೂ ಯೋಚನೆ ಮಾಡುತ್ತಿದ್ದ ಮನೆಗಳು ನನಗೆ ಗೊತ್ತು. ಚಾಲನೆ ಕೊಟ್ಟಿದ್ದೂ ನಮ್ಮ ಭಾಗದಲ್ಲೇ, ಕಲಬುರಗಿಯಲ್ಲಿ, 2023ರ ಆಗಸ್ಟ್ 5ರಂದು. ಆದರೆ ಅದರ ಲೆಕ್ಕ ಮಾಡಿದವರು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಒಂದು ಬೇಸಿಗೆ ಕಳೆದವರಲ್ಲ ಅಂತ ನನಗೆ ಅನುಮಾನ.

ಲೆಕ್ಕ ಹೀಗಿದೆ. 2022-23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಸ್ವಲ್ಪ ಸೇರಿಸಿ ಉಚಿತದ ಮಿತಿ ಮಾಡಿದ್ದೀರಿ. ಅದರೊಳಗೆ ಬಳಸಿದರೆ ಬಿಲ್ ಸೊನ್ನೆ. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್ಟಿಗೆ ಮಾತ್ರ ದುಡ್ಡು. 200 ದಾಟಿದರೆ ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್. ಸಿಯಾತಲಾಬಿನ ಆ ಮನೆಯ ಸರಾಸರಿ 78. ಆ 78 ಅನ್ನುವುದು ಆ ಮನೆ 2022-23ರ ಯಾವ ತಿಂಗಳಲ್ಲೂ ಬಳಸಿದ್ದಲ್ಲ. ಆ ವರ್ಷ ಚಳಿಗಾಲದಲ್ಲಿ 45, ಮೇನಲ್ಲಿ 170. ಎರಡನ್ನೂ ಕಲಸಿ ಹನ್ನೆರಡರಿಂದ ಭಾಗಿಸಿದಾಗ 78 ಬಂತು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಈ ಸರಾಸರಿಗೆ ಅರ್ಥ ಇರಬಹುದು, ಅಲ್ಲಿ ಎಲ್ಲ ತಿಂಗಳೂ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಡಿಸೆಂಬರ್ ಬೇರೆ ಊರು, ಮೇ ಬೇರೆ ಊರು.

ಆ ತಾಯಿಯ ಪೂರ್ತಿ ವರ್ಷದ ಯೂನಿಟ್ ಕೂಡಿಸಿ ನೋಡಿದೆ. 1,300 ಕೂಡ ಆಗುವುದಿಲ್ಲ. ಬೇರೆ ಊರಿನಲ್ಲಿ ತಿಂಗಳಿಗೆ ಒಂದೇ ಸಮ 180 ಯೂನಿಟ್ ಉರಿಸುವ ಒಂದು ಮನೆ ಇದೆ ಅಂತ ಇಟ್ಟುಕೊಳ್ಳಿ. 2022-23ರಲ್ಲೂ ಅಷ್ಟೇ ಬಳಸಿತ್ತು. ಆ ಮನೆ ವರ್ಷಕ್ಕೆ 2,160 ಯೂನಿಟ್ ಬಳಸಿಯೂ ಒಂದು ರೂಪಾಯಿ ಕಟ್ಟುವುದಿಲ್ಲ. ಇಲ್ಲಿ 1,300 ಯೂನಿಟ್ ಬಳಸದ ಮನೆ ಮಾರ್ಚ್, ಏಪ್ರಿಲ್, ಜೂನ್‌ನಲ್ಲಿ ಅರ್ಧಂಬರ್ಧ ಕಟ್ಟಿ, ಮೇನಲ್ಲಿ ಪೂರ್ತಿ ಕಟ್ಟುತ್ತದೆ. ತಪ್ಪು ಏನು ಮಾಡಿದರು ಅವರು? ಬಿಸಿಲು ಇರುವ ತಿಂಗಳಲ್ಲಿ ಕೂಲರ್ ಹಾಕಿದರು. 200ರ ಮೇಲಿನ ಆ ಹನ್ನೆರಡು ಯೂನಿಟ್ಟೇ ಅವರಿಗೆ ಇಡೀ ಬಿಲ್ ತಂದಿಟ್ಟಿದ್ದು.

ಹೊಸ ಮನೆಗಳದ್ದು ಇನ್ನೂ ವಿಚಿತ್ರ. ಹಿಂದಿನ ಬಳಕೆಯ ದಾಖಲೆ ಇಲ್ಲದಿದ್ದರೆ ರಾಜ್ಯದ ಸರಾಸರಿ 53 ಯೂನಿಟ್ ಅಂತ ಹಿಡಿದು, ಅದರ ಮೇಲೆ ಸ್ವಲ್ಪ ಕೊಟ್ಟರು. ರಾಜ್ಯದ ಸರಾಸರಿ ಅಂದರೆ ಅದರಲ್ಲಿ ಮಡಿಕೇರಿಯೂ ಇದೆ, ಚಿಕ್ಕಮಗಳೂರೂ ಇದೆ. ಅಲ್ಲಿ ಮೇ ತಿಂಗಳಲ್ಲೂ ರಾತ್ರಿ ಹೊದ್ದು ಮಲಗುತ್ತಾರೆ. ಇಲ್ಲಿ ಹೊಸದಾಗಿ ಮದುವೆಯಾಗಿ ಬೇರೆ ಮನೆ ಮಾಡಿದ ಹುಡುಗನ ಕೂಲರಿಗೆ ಮಡಿಕೇರಿಯ ಕಂಬಳಿಯ ಲೆಕ್ಕ. ಕೋಟೆ ಒಳಗಿನ ಹಳೇ ವಾಡೆಗಳಲ್ಲಿ ಒಂದೇ ಆರ್‌ಆರ್ ನಂಬರಿನಲ್ಲಿ, ಅಂದರೆ ಒಂದೇ ಮೀಟರಿನಲ್ಲಿ, ಅಣ್ಣತಮ್ಮಂದಿರ ಮೂರು ಸಂಸಾರ ಇರುತ್ತವೆ. ಅವರ ಕಥೆ ಕೇಳುವುದೇ ಬೇಡ, ಫೆಬ್ರವರಿಯಲ್ಲೇ 200 ದಾಟಿರುತ್ತದೆ.

ನಮ್ಮ ಬಿಸಿಲು ಬೇರೆ ಅಂತ ಸರ್ಕಾರಕ್ಕೆ ಗೊತ್ತಿಲ್ಲ ಅಂತೇನೂ ಅಲ್ಲ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಆದೇಶ ಬರುತ್ತದೆ. ಒಳ್ಳೆಯ ಆದೇಶ. ನೌಕರರೂ ಮನುಷ್ಯರೇ. ಸರ್ಕಾರದ ಗಡಿಯಾರ ನಮ್ಮ ಬಿಸಿಲನ್ನು ಒಪ್ಪಿಕೊಂಡಿದೆ. ಸರ್ಕಾರದ ಮೀಟರ್ ಯಾಕೆ ಒಪ್ಪುವುದಿಲ್ಲ? ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಇದೊಂದೇ ಪ್ರಶ್ನೆ. ಉಳಿದದ್ದೆಲ್ಲ ಅದರ ಹಿಂದೆಮುಂದೆ.

ಕೂಲರ್ ಬಗ್ಗೆ ಎರಡು ಮಾತು ಹೇಳಬೇಕು, ಯಾಕೆಂದರೆ ಬೆಂಗಳೂರಿನವರಿಗೆ ಅದರ ಬೆಲೆ ಗೊತ್ತಿರುವುದು ಕಡಿಮೆ. ನಮ್ಮ ಏಪ್ರಿಲ್‌ನ ಗಾಳಿ ಒಣ ಗಾಳಿ. ತೊಯ್ದ ಹುಲ್ಲಿನ ಮೂಲಕ ಬಂದರೆ ಅದು ನೀರನ್ನು ಗಬಗಬ ಕುಡಿಯುತ್ತದೆ. ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರಿಕೊಳ್ಳುತ್ತದೆ. ಹತ್ತು ಡಿಗ್ರಿ ಸುಲಭವಾಗಿ ಇಳಿಯುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಇದೇ ಥರ. ಮಂಗಳೂರಿನ ಗಾಳಿಗೆ ಇದು ಕೆಲಸ ಮಾಡಲ್ಲ, ಅಲ್ಲಿನ ಗಾಳಿ ಆಗಲೇ ನೀರು ಕುಡಿದು ಕೂತಿರುತ್ತದೆ. ಎಸಿ ಮಾಡುವ ಕೆಲಸದ ಬಹುಪಾಲನ್ನು ನಮ್ಮ ಊರಿನಲ್ಲಿ ಕೂಲರ್ 200 ವ್ಯಾಟಿನಲ್ಲಿ ಮಾಡುತ್ತದೆ. ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಅದರ ಏಳೆಂಟು ಪಟ್ಟು ಎಳೆಯುತ್ತದೆ. ಹೀಗಿರುವಾಗ ಸರ್ಕಾರ ಕೂಲರ್ ಹಾಕುವ ಮನೆಯ ಬೆನ್ನು ತಟ್ಟಬೇಕಲ್ವಾ? ಜೂನ್‌ನಲ್ಲಿ ಒಂದೆರಡು ಮಳೆ ಬಿದ್ದು ಸೆಕೆ ಶುರುವಾದ ಮೇಲೆ ಮಾತ್ರ ಕೂಲರ್ ಕೈಕೊಡುತ್ತದೆ. ಮೈ ಅಂಟಂಟು. ಆ ಮೂರು ನಾಲ್ಕು ವಾರಕ್ಕಾಗಿಯೇ ಜನ ಎಸಿ ಕಡೆ ತಿರುಗುತ್ತಾರೆ.

ಎಸಿಯೂ ಈಗ ಶ್ರೀಮಂತರ ಸಾಮಾನು ಅಲ್ಲ. ನಾನು ಕೆಲಸ ಶುರು ಮಾಡಿದಾಗ ನಮ್ಮ ಊರಲ್ಲಿ ಎಸಿ ಅಂದರೆ ಬ್ಯಾಂಕು, ಎಕ್ಸ್‌ರೇ ಕೋಣೆ, ದೊಡ್ಡ ಸಾಹೇಬರ ಚೇಂಬರ್. ಈಗ ಪೊಲೀಸ್ ಪೇದೆ, ಮೇಷ್ಟ್ರು, ಕಿರಾಣಿ ಅಂಗಡಿಯವರು ಕಂತಿನಲ್ಲಿ ತರುತ್ತಾರೆ. ಹೆಚ್ಚಿನವರು ತರುವುದು ಒಂದೇ ಕಾರಣಕ್ಕೆ, ಮನೆಯಲ್ಲಿ ಕೂಸೋ ವಯಸ್ಸಾದವರೋ ಇರುತ್ತಾರೆ. ಒಂದು ಕೋಣೆಗೆ ಹಾಕಿಸಿ, ರಾತ್ರಿ ಮನೆಮಂದಿಯೆಲ್ಲ ಅದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಎಂಟು ತಾಸಿಗೆ ಆರೇಳು ಯೂನಿಟ್ ಆದರೂ ಬೇಕು. ತಿಂಗಳಿಗೆ 200 ಅದಕ್ಕೇ ಹೋಯಿತು.

ಎಸಿ ಕೊಳ್ಳುವಾಗ ಜನ ನಕ್ಷತ್ರ ಎಣಿಸುತ್ತಾರೆ. ಸ್ಟಾರ್ ಲೇಬಲ್ಲಿನ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿರುತ್ತದೆ. ಅದು ವರ್ಷಕ್ಕೆ 1,600 ತಾಸು ಓಡಿಸಿದರೆ ಅಂತ ಮಾಡಿದ ಲೆಕ್ಕ, ಇಡೀ ದೇಶಕ್ಕೆ ಒಂದೇ. ಹೊರಗೆ 43 ಡಿಗ್ರಿ ಇರುವಾಗ ಹೊರಗಿನ ಯೂನಿಟ್ ಒಳಗಿನ ಬಿಸಿಯನ್ನು ಆ ಬೆಂಕಿಯಂಥ ಗಾಳಿಗೇ ದೂಡಬೇಕು. ಕಂಪ್ರೆಸರ್ ಏದುಸಿರು ಬಿಡುತ್ತದೆ, ಕರೆಂಟ್ ಜಾಸ್ತಿ, ತಂಪು ಕಡಿಮೆ. ಅಲ್ಲೂ ಸರಾಸರಿಯದ್ದೇ ಕಾಟ ನೋಡಿ.

ಮಧ್ಯೆ ಒಂದು ವಿಷಯ. ಎಸಿ ಹುಟ್ಟಿದ್ದು ಮನುಷ್ಯನಿಗಾಗಿ ಅಲ್ಲ ಅಂತ ನಮಗೆ ಐಟಿಐನಲ್ಲಿ ಮೇಷ್ಟ್ರು ಹೇಳಿದ್ದರು. 1902ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಆಚೀಚೆ ಆಗುತ್ತಿತ್ತಂತೆ. ಅದನ್ನು ಸರಿ ಮಾಡಲು ವಿಲ್ಲಿಸ್ ಕ್ಯಾರಿಯರ್ ಅನ್ನುವ ಎಂಜಿನಿಯರ್ ಈ ಯಂತ್ರದ ನಕ್ಷೆ ಹಾಕಿದ. ಕಾಗದಕ್ಕೆ ಹುಟ್ಟಿದ ತಂಪು. ನಮ್ಮ ಊರಲ್ಲಿ ಮೇ ತಿಂಗಳ ಎರಡು ಗಂಟೆಗೆ ಎಟಿಎಂ ಒಳಗೆ ನೋಡಿ. ತಳ್ಳುಗಾಡಿಯವರು, ಆಟೊದವರು ದುಡ್ಡು ತೆಗೆಯದೆ ಎರಡು ನಿಮಿಷ ಸುಮ್ನೆ ನಿಂತಿರುತ್ತಾರೆ. ಕಾರ್ಡ್ ಕೈಯಲ್ಲಿ ಹಿಡಿದು ಏನೋ ಹುಡುಕುವ ಹಾಗೆ ಮಾಡುತ್ತಾರೆ. ಕಾವಲುಗಾರನೂ ನೋಡದ ಹಾಗೆ ಇರುತ್ತಾನೆ. ಆ ಎಸಿ ಮಷೀನಿಗೆ ಅಂತ ಹಾಕಿದ್ದು. ಅದರ ಸರ್ವಿಸ್‌ಗೆ ಹೋದಾಗ ನನಗೂ ಹೊರಗೆ ಬರಲು ಮನಸ್ಸಾಗುವುದಿಲ್ಲ, ಸುಳ್ಳು ಯಾಕೆ ಹೇಳಲಿ.

ಇನ್ನು ಕರೆಂಟ್ ಹೋಗುವ ವಿಷಯ. ಇದರಲ್ಲಿ ನನ್ನ ಪಾಲಿನ ತಪ್ಪೂ ಇದೆ, ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ಓಣಿಗೆ ಒಂದು 100 ಕೆವಿಎ ಟ್ರಾನ್ಸ್‌ಫಾರ್ಮರ್, ಹೆಚ್ಚೆಂದರೆ ನೂರು ಕಿಲೋವ್ಯಾಟ್ ಹೊರುವಂಥದ್ದು. ಹತ್ತು ವರ್ಷದ ಹಿಂದೆ ಓಣಿಯಲ್ಲಿ ಎರಡು ಎಸಿ ಇದ್ದವು. ಕಳೆದ ಬೇಸಿಗೆಯಲ್ಲಿ ನಾನೇ ಮಾಳಿಗೆ ಹತ್ತಿ ಹೊರಗಿನ ಯೂನಿಟ್ ಎಣಿಸಿದೆ. ಮೂವತ್ತೊಂದು. ಒಂದೊಂದು ಒಂದೂವರೆ ಕಿಲೋವ್ಯಾಟ್ ಅಂದರೂ ರಾತ್ರಿ ಹತ್ತು ಗಂಟೆಗೆ ಎಲ್ಲರೂ ಹಾಕಿದಾಗ ಎಸಿಗಳದ್ದೇ ನಲವತ್ತಾರು ಕಿಲೋವ್ಯಾಟ್ ಭಾರ. ಟ್ರಾನ್ಸ್‌ಫಾರ್ಮರ್ ಅದೇ ಹಳೆಯದು. ಆ ಮನೆಗಳಲ್ಲಿ ಬಹಳಷ್ಟರ ಮಂಜೂರಾದ ಲೋಡ್ ಒಂದೋ ಎರಡೋ ಕಿಲೋವ್ಯಾಟ್. ಎಸಿ ಕೂಡಿಸುವಾಗ ನಾನು ಅದನ್ನು ಕೇಳುವುದಿಲ್ಲ. ಮಾರಿದ ಅಂಗಡಿಯವರೂ ಕೇಳುವುದಿಲ್ಲ. ಕೇಳಿದರೆ ಗಿರಾಕಿ ಇನ್ನೊಬ್ಬನನ್ನು ಕರೆಯುತ್ತಾನೆ. ಲೋಡ್ ಹೆಚ್ಚಿಸಿಕೊಳ್ಳಿ ಅಂದರೆ ಫಿಕ್ಸೆಡ್ ಚಾರ್ಜ್ ಹೆಚ್ಚಾಗುತ್ತದೆ, ಕಚೇರಿಗೆ ಯಾರು ತಿರುಗಬೇಕು ಅನ್ನುತ್ತಾರೆ.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನನ್ನ ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ಹದಿನೆಂಟು ದಿನ. ನಮ್ಮ ಕಡೆ ಬಾಣಂತಿಗೆ ಗಾಳಿ ತಾಗಬಾರದು ಅಂತ ಕಿಟಕಿ ಮುಚ್ಚಿಡುತ್ತಾರೆ. ನನ್ನ ಹೆಂಡತಿಗೂ ಅವಳ ತಾಯಿಗೂ ಎಷ್ಟು ಹೇಳಿದರೂ ಕೇಳಲಿಲ್ಲ. ರಾತ್ರಿ ಹನ್ನೊಂದೂವರೆಗೆ ಟ್ರಾನ್ಸ್‌ಫಾರ್ಮರ್ ಢಂ ಅಂತು. ಇನ್ವರ್ಟರ್ ಒಂದು ತಾಸು ತಡೆಯಿತು. ಆಮೇಲೆ ಕೂಸು ಅಳಲು ಶುರು ಮಾಡಿತು. ನೋಡನೋಡುತ್ತಾ ಅದರ ಕುತ್ತಿಗೆ, ಎದೆ ಎಲ್ಲ ಕೆಂಪು ಬೆವರುಸಾಲೆ. ವಿದ್ಯುತ್ ಕಚೇರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಒದ್ದೆ ಧೋತರವನ್ನು ಹಗ್ಗಕ್ಕೆ ಹಾಕಿ, ಬೀಸಣಿಕೆಯಿಂದ ಅದರ ಮೂಲಕ ಗಾಳಿ ಬೀಸುತ್ತಾ ಬೆಳಗಿನ ನಾಲ್ಕರವರೆಗೆ ಕೂತೆವು. ಊರಿನ ಎಸಿ ಎಲ್ಲ ರಿಪೇರಿ ಮಾಡುವವನ ಮನೆ ಅದು. ಕೊನೆಗೆ ಬೇರೆ ಟ್ರಾನ್ಸ್‌ಫಾರ್ಮರ್ ತಂದು ಕೂಡಿಸಿದ ಲೈನ್‌ಮನ್‌ಗಳನ್ನು ನಾನು ಬೈಯುವುದಿಲ್ಲ. ಇಬ್ಬರೇ ಇದ್ದರು. ಆ ರಾತ್ರಿ ಅದು ಅವರ ಮೂರನೆಯ ಕೆಲಸವಂತೆ. ನೀರು ಕೊಟ್ಟರೆ ಕುಡಿಯದೆ ತಲೆ ಮೇಲೆ ಸುರಿದುಕೊಂಡರು.

ಇದು ನಡೆದದ್ದು ಎಂಥ ಜಿಲ್ಲೆಯಲ್ಲಿ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ. ಎಂಟು ಘಟಕ ಸೇರಿ 1,720 ಮೆಗಾವ್ಯಾಟ್. ಯರಮರಸ್‌ನಲ್ಲಿ 800ರ ಎರಡು, ಅದು 1,600. ಪಕ್ಕದ ಬಳ್ಳಾರಿಯ ಕುಡತಿನಿಯಲ್ಲಿ 1,700. ಕೃಷ್ಣೆಯ ನೀರು ಕುಡಿಸಿ, ಬೂದಿ ಸಹಿಸಿ, ನಲವತ್ತು ವರ್ಷದಿಂದ ನಾಡಿಗೆ ಬೆಳಕು ಕೊಡುತ್ತಿದ್ದೇವೆ. ಅದಕ್ಕೆ ಪ್ರತಿಯಾಗಿ ಪುಕ್ಕಟೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಕರೆಂಟ್ ಗ್ರಿಡ್‌ಗೆ ಹೋಗುತ್ತದೆ, ಅಲ್ಲಿಂದ ಎಲ್ಲರಿಗೂ ಹಂಚಿಕೆಯಾಗುತ್ತದೆ, ಅಷ್ಟು ನನಗೂ ಗೊತ್ತು. ಆದರೆ ಚಿಮಣಿ ಕಾಣುವ ಓಣಿಯಲ್ಲಿ ಕೂಸಿಗೆ ಬೀಸಣಿಕೆ ಬೀಸುವಾಗ ಮನುಷ್ಯನಿಗೆ ಸಿಟ್ಟು ಬರುತ್ತದೆ. ಅದನ್ನೂ ನೀವು ತಿಳಿದುಕೊಳ್ಳಬೇಕು.

ನಮ್ಮ ಜನರಿಗೂ ಹೇಳುವುದಿದೆ, ಹೇಳುತ್ತಲೇ ಇದ್ದೇನೆ. ಎಸಿಯನ್ನು 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅನ್ನುವುದು ಭ್ರಮೆ. 24ಕ್ಕೆ ಇಟ್ಟರೂ ಅದೇ ವೇಗದಲ್ಲಿ ಇಳಿಯುತ್ತದೆ, 24ಕ್ಕೆ ಬಂದು ನಿಲ್ಲುತ್ತದೆ ಅಷ್ಟೇ. ಒಂದು ಡಿಗ್ರಿ ಏರಿಸಿದರೆ ಕರೆಂಟ್ ಸುಮಾರು ನೂರಕ್ಕೆ ಆರರಷ್ಟು ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತೆ ಬ್ಯೂರೋ ಹೇಳುತ್ತದೆ. ಅದಕ್ಕೇ 2020ರಿಂದ ಸ್ಟಾರ್ ಇರುವ ಎಸಿಗಳು ಆನ್ ಮಾಡಿದ ಕೂಡಲೇ 24ರಲ್ಲಿ ಶುರುವಾಗಬೇಕು ಅಂತ ನಿಯಮ ಬಂತು. ಆನ್ ಆದ ಮೇಲೆ ರಿಮೋಟ್ ಯಾರ ಕೈಯಲ್ಲಿರುತ್ತದೆ ಹೇಳಿ. ಮನೆಗಳಿಗಿಂತ ಕಚೇರಿಗಳದ್ದೇ ಜಾಸ್ತಿ ಹಾವಳಿ. ಮೇ ತಿಂಗಳಲ್ಲಿ ಸರ್ವಿಸ್‌ಗೆ ಹೋದಾಗ 18ಕ್ಕೆ ಇಟ್ಟುಕೊಂಡು ಹೆಗಲಿಗೆ ಶಾಲು ಹೊದ್ದು ಕೂತ ಸಾಹೇಬರನ್ನು ನಾನು ನೋಡಿದ್ದೇನೆ. ಅದೇ ಕಚೇರಿಯ ವರಾಂಡದಲ್ಲಿ ಅರ್ಜಿ ಹಿಡಿದ ಅಜ್ಜಿಯರು ಗೋಡೆಗೆ ಒರಗಿ ಕೂತಿದ್ದರು. ಆ ಚೇಂಬರಿನ ಯೂನಿಟ್ಟಿನ ಬಿಸಿಗಾಳಿ ನೇರ ಅವರ ಮುಖಕ್ಕೆ ಹೊಡೆಯುತ್ತಿತ್ತು. ನಾನು ಕೇಳದೆಯೇ ಆ ಯೂನಿಟ್ ಮಾಳಿಗೆಗೆ ಸಾಗಿಸಿ ಬಂದೆ. ಪೈಪಿನ ದುಡ್ಡು ಇನ್ನೂ ಬಂದಿಲ್ಲ.

ಹಿಂದೆ ನಮ್ಮ ಹಿರಿಯರು ಮಣ್ಣಿನ ಮಾಳಿಗೆ, ಎರಡು ಮೊಳ ದಪ್ಪದ ಗೋಡೆ ಕಟ್ಟುತ್ತಿದ್ದರು. ಒಳಗೆ ಹೋದರೆ ಮಧ್ಯಾಹ್ನವೂ ತಂಪು. ಈಗ ಆರಿಂಚಿನ ಸ್ಲ್ಯಾಬು, ಇಲ್ಲವೇ ತಗಡು. ಸಂಜೆ ಬಿಸಿಲು ಇಳಿದ ಮೇಲೂ ಸ್ಲ್ಯಾಬು ಮಧ್ಯರಾತ್ರಿವರೆಗೆ ಬಿಸಿ ಉಗುಳುತ್ತಿರುತ್ತದೆ. ಮಾಳಿಗೆಗೆ ಪ್ರತಿ ಮಾರ್ಚ್‌ನಲ್ಲಿ ದಪ್ಪಗೆ ಸುಣ್ಣ ಹೊಡೆಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹೊಡೆಸಿದ ಮನೆಯಲ್ಲಿ ಕೂಲರ್ ಕಡಿಮೆ ಓಡುತ್ತದೆ, ನನ್ನ ಗಿರಾಕಿಗಳದ್ದೇ ಅನುಭವ.

ಈಗ ನನ್ನ ಬೇಡಿಕೆ. ಮೊದಲನೆಯದೇ ಮುಖ್ಯ. ತಿಂಗಳಿಗೆ 200 ಅನ್ನುವ ಬದಲು ನಮ್ಮ ಭಾಗಕ್ಕೆ ವರ್ಷಕ್ಕೆ 2,400 ಅನ್ನಿ. ಎರಡೂ ಒಂದೇ ಲೆಕ್ಕ, ನಿಮ್ಮ ಮಾತು ನೀವು ದಾಟಿದಂತೆಯೂ ಆಗುವುದಿಲ್ಲ. ಚಳಿಗಾಲದಲ್ಲಿ ಉಳಿಸಿದ ಯೂನಿಟ್ ಬೇಸಿಗೆಯಲ್ಲಿ ಬಳಸಿಕೊಳ್ಳುತ್ತೇವೆ. ಜೋಳ ಬಂದಾಗ ಹಗೇವಿನಲ್ಲಿಟ್ಟು ಆಮೇಲೆ ಉಣ್ಣುವುದು ನಮ್ಮ ಜನಕ್ಕೆ ಹೊಸದಲ್ಲ. ಅದು ಆಗುವುದಿಲ್ಲ, ಕಂಪ್ಯೂಟರ್ ಒಪ್ಪುವುದಿಲ್ಲ ಅಂತಾದರೆ ಇನ್ನೊಂದು ದಾರಿ ಇದೆ. ಮಾರ್ಚ್‌ನಿಂದ ಜೂನ್‌ವರೆಗೆ ಆ ಮನೆಯ ಅದೇ ತಿಂಗಳುಗಳ ಹಳೇ ಬಳಕೆಯನ್ನೇ ಮಿತಿ ಮಾಡಿ. ಮೇ ತಿಂಗಳನ್ನು ಮೇ ತಿಂಗಳ ಜೊತೆ ತೂಗಿ. ಕಚೇರಿಯ ಸಮಯ ಯಾವ ಜಿಲ್ಲೆಗಳಿಗೆ ಬದಲಾಗುತ್ತದೆಯೋ ಅದೇ ಪಟ್ಟಿ ಸಾಕು, ಹೊಸ ಸಮೀಕ್ಷೆ, ಹೊಸ ಸಮಿತಿ ಯಾವುದೂ ಬೇಡ. ಹೊಸ ಮನೆಗಳಿಗೆ ರಾಜ್ಯದ 53ರ ಬದಲು ಆ ಜಿಲ್ಲೆಯ ಸರಾಸರಿ ಹಿಡಿಯಿರಿ.

200 ದಾಟಿದ ಕೂಡಲೇ ಪೂರ್ತಿ ಬಿಲ್ ಅನ್ನುವುದನ್ನೂ ಬೇಸಿಗೆಯ ಆ ನಾಲ್ಕು ತಿಂಗಳಾದರೂ ಬಿಡಿ. ದಾಟಿದಷ್ಟಕ್ಕೆ ದುಡ್ಡು ತಗೊಳ್ಳಿ, ಯಾರೂ ಬೇಡ ಅನ್ನಲ್ಲ. ಎರಡು ಎಸಿ ಹಾಕಿ 600 ಯೂನಿಟ್ ಬಳಸುವ ಮನೆಗೆ ಉಚಿತ ಕೊಡಿ ಅಂತಲೂ ನಾನು ಕೇಳುತ್ತಿಲ್ಲ. ಅಂಥ ಮನೆಗೆ ಈಗಿನ ನಿಯಮವೇ ಇರಲಿ.

ಟ್ರಾನ್ಸ್‌ಫಾರ್ಮರ್ ವಿಷಯಕ್ಕೆ ಬಂದರೆ, ದುರಸ್ತಿಗೆ ಅಂತ ಕರೆಂಟ್ ತೆಗೆಯುವ ಕೆಲಸವೆಲ್ಲ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲೇ ಮುಗಿಯಲಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ದುರಸ್ತಿಯ ಹೆಸರಿನಲ್ಲಿ ತೆಗೆಯಬೇಡಿ. ಫೆಬ್ರವರಿಯಲ್ಲಿ ಒಂದು ತಿಂಗಳು ಲೋಡ್ ಹೆಚ್ಚಿಸಿಕೊಳ್ಳಲು ಶುಲ್ಕ ಕಡಿಮೆ ಮಾಡಿ, ಓಣಿಯಲ್ಲೇ ಕ್ಯಾಂಪ್ ಹಾಕಿ. ಎಷ್ಟು ಎಸಿ ಇವೆ ಅಂತ ಲೆಕ್ಕ ಸಿಗುತ್ತದೆ. ಬೇಕಿದ್ದರೆ ನಮ್ಮಂಥ ಮೆಕ್ಯಾನಿಕ್‌ಗಳನ್ನು ಕೇಳಿ, ಯಾವ ಓಣಿಯಲ್ಲಿ ಎಷ್ಟಿವೆ ಅಂತ ಬಾಯಲ್ಲೇ ಹೇಳುತ್ತೇವೆ.

ಇನ್ನೊಂದು ಸಣ್ಣದು, ನಿಮ್ಮ ಇಲಾಖೆಗೆ ನೇರ ಬರುವುದಿಲ್ಲವೇನೋ. ಪ್ರತಿ ವಾರ್ಡಿನಲ್ಲೂ ಸಮುದಾಯ ಭವನವೋ ಗ್ರಂಥಾಲಯವೋ ಇದೆ. ಮೇನಲ್ಲಿ ಮಧ್ಯಾಹ್ನ ಬೀಗ ಹಾಕಿರುತ್ತಾರೆ. ಅಲ್ಲಿ ಎರಡು ದೊಡ್ಡ ಕೂಲರ್, ಒಂದು ಹರವಿ ನೀರು ಇಟ್ಟು ಹನ್ನೆರಡರಿಂದ ನಾಲ್ಕರವರೆಗೆ ಬಾಗಿಲು ತೆರೆದಿಡಿ. ಹಮಾಲರು, ತಳ್ಳುಗಾಡಿಯವರು ಎಟಿಎಂನಲ್ಲಿ ಕಳ್ಳರ ಹಾಗೆ ನಿಲ್ಲುವುದು ತಪ್ಪುತ್ತದೆ. ಆ ಕೂಲರ್‌ಗಳ ರಿಪೇರಿ ನಾನು ಮಜೂರಿ ಇಲ್ಲದೆ ಮಾಡುತ್ತೇನೆ. ನಮ್ಮ ವಾರ್ಡಿನದ್ದು ಮಾತ್ರ, ಇಡೀ ಊರಿನದ್ದು ಅಂದರೆ ನನ್ನ ಹೊಟ್ಟೆಪಾಡು?

ಸಿಯಾತಲಾಬಿನ ಆ ತಾಯಿ ಮೊನ್ನೆ ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡಲು ಅಂಗಡಿಗೆ ಬಂದಿದ್ದರು. ಕಳೆದ ಜೂನ್ ಪೂರ್ತಿ ಮಕ್ಕಳು ಮಲಗಿದ ಮೇಲೆ ಕೂಲರ್ ಬಂದ್ ಮಾಡಿದ್ದರಂತೆ. ಅತ್ತೆ ಹೊರಗೆ ಕಟ್ಟೆಯ ಮೇಲೆ ಮಲಗುತ್ತಿದ್ದರಂತೆ. ಹಳೇ ಹುಲ್ಲು ಪೂರ್ತಿ ಹೋಗಿದೆ, ಈ ಸಲ ಹೊಸದು ಹಾಕಿಸಲೋ ಬೇಡವೋ ಅಂತ ಕೇಳಿದರು. ಮೂರು ಕಡೆಗೂ ಹಾಕಬೇಕೆಂದರೆ ಆರುನೂರು ರೂಪಾಯಿ. ಬಿಲ್ ಹೀಗೇ ಬರುವುದಾದರೆ ಆ ಆರುನೂರೂ ದಂಡ ಅನ್ನುವುದು ಅವರ ಲೆಕ್ಕ. ಫೆಬ್ರವರಿ ಕೊನೆಯವರೆಗೆ ತಡೆಯಿರಿ, ಸಾಹೇಬರಿಗೆ ಒಂದು ಪತ್ರ ಬರೆದಿದ್ದೇನೆ, ಏನು ಹೇಳುತ್ತಾರೋ ನೋಡಿ ಹಾಕೋಣ ಅಂದಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕೂಲರ್, ಎಸಿ ಮೆಕ್ಯಾನಿಕ್
ರಾಯಚೂರು